ಒಂದು ಫ್ರೆಟ್ ಮೇಲಿನ ಮೈನರ್ ಸಿಕ್ಸ್

ಬಾಳಗಡಿಯ ಗಜಾನನ ಭಟ್ಟನ ಅಂಗಡಿಯಲ್ಲಿ ಮೋಟರ್ ವೈಂಡಿಂಗಿಗೆ ಕೊಟ್ಟವರು ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು. ನಿಶ್ಚಿಂತೆ ಇಲ್ಲದೇ ಇದ್ದದ್ದು ಭಟ್ಟನಿಗೇ. ಮೋಟರ್ ತಂದವನು ಒಳಗಿನ ತಾಮ್ರವನ್ನು ತಾನೇ ಮೊದಲು ಬಿಚ್ಚಿಟ್ಟು ಬಂದು, ಆಮೇಲೆ ಭಟ್ಟನ ಮೇಲೆ ಗೂಬೆ ಕೂರಿಸಿದರೆ ಗತಿ? ಹಾಗಾಗಿ ಗಿರಾಕಿಯ ಎದುರೇ ಬಿಚ್ಚಿ ತೋರಿಸಿ, "ನೋಡಿದ್ರಲ? ಸರಿಯಾಗಿ ನೋಡಿ" ಎಂದು ಎರಡೆರಡು ಸಲ ಹೌದೆನ್ನಿಸಿಕೊಂಡ ಮೇಲೇ ಕೆಲಸ ಶುರು. ಹಾಲಿನವನು ಅಳೆಯುವಾಗ ಪಾತ್ರೆಯೊಳಗೇ ಬಗ್ಗಿ ನೋಡುವುದು, ಬಸ್ಸಿನಲ್ಲಿ ಪಕ್ಕದವನು ತೂಕಡಿಸಿದರೆ ಅದು ನಿದ್ದೆಯೋ ನಾಟಕವೋ ಎಂದು ಓರೆಗಣ್ಣಿನಲ್ಲಿ ಗಮನಿಸುವುದು, ಮದುವೆ ಕಾಗದ ಬಂದರೆ ಇವರು ನಮ್ಮನ್ನು ಕರೆದದ್ದು ಯಾಕೆ ಎಂದು ಎರಡು ದಿನ ತಲೆ ಕೆಡಿಸಿಕೊಳ್ಳುವುದು, ಇವೆಲ್ಲ ಅವನ ನಿತ್ಯಕರ್ಮ. ಹೆಂಡತಿ ಅನ್ನಪೂರ್ಣೇಶ್ವರಿಗೆ ಅಭ್ಯಾಸವಾಗಿ ಹೋಗಿತ್ತು. "ನಮ್ಮನೆಯವ್ರು ಕನ್ನಡಿ ನೋಡಿದ್ರೂ ಇದ್ಯಾರು ಅಂತ ಕೇಳೋ ಜನ" ಎಂದು ನಗಾಡುತ್ತಿದ್ದಳು.

ಇಂಥ ಮನುಷ್ಯನಿಗೆ ಗಿಟಾರಿನ ಹುಚ್ಚು! ಕೊಪ್ಪದ ಧರ್ಮೇಶನ ಆರ್ಕೆಸ್ಟ್ರಾದಲ್ಲಿ, ಧರ್ಮೇಶನ ಬೇಸ್ ಗಿಟಾರಿನ ಪಕ್ಕ ನಿಂತು, ಹದಿಮೂರು ವರ್ಷ ಲೀಡ್ ಗಿಟಾರ್ ನುಡಿಸಿದವನು ಅವನು. ಕೊಪ್ಪದ ಗಣಪತಿ ಪೆಂಡಾಲು, ಶೃಂಗೇರಿಯ ಮದುವೆ ರಿಸೆಪ್ಶನ್ನು, ಎನ್.ಆರ್. ಪುರದ ಶಾಲಾ ವಾರ್ಷಿಕೋತ್ಸವ, ಯಾವುದಾದರೂ ಸರಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟುಬಿಡುತ್ತಿದ್ದ. ಆಗಿನ ಆರ್ಕೆಸ್ಟ್ರಾ ಗಿಟಾರಿನವರಲ್ಲಿ ಒಂದು ಪದ್ಧತಿ ಇತ್ತು. ಎಡಗೈ ಯಾರಿಗೂ ಕಾಣಬಾರದು. ಕಷ್ಟಪಟ್ಟು ಕಿವಿಯಿಂದಲೇ ಕಲಿತ ಕಾರ್ಡನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪನ್ನು, ಮುಂದಿನ ಸಾಲಿನಲ್ಲಿ ಕೂತ ಇನ್ನೊಬ್ಬ ಗಿಟಾರಿನವನು ನೋಡಿ ಎತ್ತಿಕೊಂಡು ಹೋದರೆ? ಗಜಾನನ ಸ್ಟೇಜಿನ ಮೇಲೆ ಜನರಿಗೆ ಭುಜ ಕೊಟ್ಟು ಅಡ್ಡಡ್ಡ ನಿಲ್ಲುತ್ತಿದ್ದದ್ದು ಇದಕ್ಕೇ. ಫೋಟೋದವನು ಹತ್ತಿರ ಬಂದರೆ ನುಡಿಸುವುದನ್ನೇ ನಿಲ್ಲಿಸಿಬಿಡುತ್ತಿದ್ದ.

ಅದೇ ತಂಡದಲ್ಲಿ ರಿದಂ ಗಿಟಾರ್ ನುಡಿಸುತ್ತಿದ್ದವನು ಭಂಡಿಗಡಿಯ ಪುಟ್ಟಪ್ಪ ಗೌಡ. ಗದ್ದೆ ತೋಟ ಮಾಡಿಕೊಂಡಿದ್ದ ಮನುಷ್ಯ, ಭಟ್ಟನಿಗಿಂತ ನಾಲ್ಕು ವರ್ಷ ದೊಡ್ಡವನು. ಅವನು ಎಲ್ಲದರಲ್ಲೂ ಉಲ್ಟಾ. ಎದೆ ಸೆಟೆಸಿ ನೇರವಾಗಿ ನಿಂತು, ಬೆರಳೆಲ್ಲ ಕಾಣುವ ಹಾಗೆ ನುಡಿಸುತ್ತಿದ್ದ. ಯಾರಾದರೂ ಕೇಳಿದರೆ ಗಿಟಾರನ್ನೇ ಕೈಗೆ ಕೊಟ್ಟು ಹೇಳಿಕೊಡುತ್ತಿದ್ದ. ಇಷ್ಟು ಧಾರಾಳ ಇರುವವನ ಹೊಟ್ಟೆಯಲ್ಲಿ ಏನೋ ಇರಲೇಬೇಕು ಎಂಬುದು ಗಜಾನನನ ಲೆಕ್ಕ. ಆದರೂ ಇಬ್ಬರಿಗೂ ಸ್ನೇಹವಿತ್ತು. ಸುಳ್ಳೇಕೆ, ಗಜಾನನನಿಗೆ ಪ್ರಪಂಚದಲ್ಲಿ ಇದ್ದದ್ದೇ ಅದೊಂದು ಸ್ನೇಹ.

ಎರಡು ಸಾವಿರದ ಒಂದನೇ ಇಸವಿ. ಎನ್.ಆರ್. ಪುರದಲ್ಲಿ ಒಂದು ರಿಸೆಪ್ಶನ್. ತಂಡದ ಹಾಡುಗಾರ್ತಿ ಜ್ಯೋತ್ಸ್ನಾ ಸಿ ಮೈನರಿನ ಒಂದು ಹಾಡು ಹೇಳುತ್ತಿದ್ದಳು. ಚರಣ ಮುಗಿಯಿತು, ಇನ್ನೇನು ಪಲ್ಲವಿಗೆ ಮರಳಬೇಕು, ಎಲ್ಲರೂ ಜಿ ಸೆವೆನ್ ಹಿಡಿಯುವ ಜಾಗ. ಆ ಜಾಗದಲ್ಲಿ ಪುಟ್ಟಪ್ಪ ಬೇರೆ ಏನನ್ನೋ ಹಿಡಿದ. ಅಬ್ಬಾ! ಹಾಡು ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಒಳಗೆ ಬರಲೋ ಬೇಡವೋ ಎಂದು ಒಂದು ಗಳಿಗೆ ನಿಂತ ಹಾಗಾಯಿತು. ಮರುಗಳಿಗೆ ಸಿ ಮೈನರ್ ಬಂದಾಗ ಊಟದ ಪಂಕ್ತಿಯಲ್ಲಿ ಕೂತಿದ್ದವರೂ ತಲೆ ಎತ್ತಿದರು. ಗಜಾನನನ ಮೈಯೆಲ್ಲ ಜುಮ್ಮೆಂದಿತು. ಬಗ್ಗಿ ಪುಟ್ಟಪ್ಪನ ಎಡಗೈ ನೋಡಿದರೆ, ಅಲ್ಲಿದ್ದದ್ದು ತನಗೇ ಗೊತ್ತಿದ್ದ ಮಾಮೂಲಿ ಮೈನರ್ ಸಿಕ್ಸಿನ ಆಕಾರ! ಆಕಾರ ಅದೇ, ನಾದ ಮಾತ್ರ ಅದಲ್ಲ. ಆವತ್ತಿನಿಂದ ಗಜಾನನನಿಗೆ ಬೇಕಾದದ್ದು ಇಡೀ ಜಗತ್ತಿನಲ್ಲಿ ಅದೊಂದೇ.

ಮಾರನೇ ದಿನ ಕೊಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಕಾಫಿಗೆ ಕೂತಿದ್ದರು. ಗಜಾನನ ಗೋಳಿಬಜೆಯ ತಟ್ಟೆಯನ್ನೇ ನೋಡುತ್ತ, ಏನೂ ದೊಡ್ಡ ವಿಷಯ ಅಲ್ಲವೆಂಬಂತೆ ಕೇಳಿದ.

"ಅಲ್ಲ ಗೌಡ್ರೆ, ನಿನ್ನೆ ಪಲ್ಲವಿಗೆ ಬರೋ ಮೊದ್ಲು ಎಂತದೋ ಹಿಡಿದ್ರಲ. ಎಂತದದು?"

"ಅದಾ? ಎಂತ ದೊಡ್ಡ ವಿದ್ಯೆನೂ ಅಲ್ಲ ಮಾರಾಯ್ರೆ" ಎಂದ ಪುಟ್ಟಪ್ಪ. "ಜಿ ಸೆವೆನ್ ಬರೋ ಕಡೆ ಜಿ ಹಿಡೀಬೇಡಿ. ಮೈನರ್ ಸಿಕ್ಸ್ ಹಿಡೀರಿ, ಜಿಯಿಂದ ಒಂದು ಫ್ರೆಟ್ ಮೇಲೆ. ಅಷ್ಟೆ. ಸೋಲೋ ಬೇಕಾದ್ರೂ ಅಲ್ಲಿಂದ್ಲೇ ಮೆಲಾಡಿಕ್ ಮೈನರ್ ಸ್ಕೇಲ್ ನುಡಿಸ್ಕೊಂಡು ಹೋಗಿ. ಹತ್ತುವಾಗ್ಲೂ ಇಳಿಯುವಾಗ್ಲೂ ಅವೇ ಸ್ವರ. ಜಾಜಿನವ್ರು ಹಂಗೇ ಮಾಡೋದಂತೆ. ಬಸರೀಕಟ್ಟೆ ಕಡೆ ಎಸ್ಟೇಟಲ್ಲಿ ಮಂಗಳೂರಿನ ರೈಟರ್ ಒಬ್ರು ಇದ್ರು, ಲೆಕ್ಕ ಬರಿಯೋರು, ಅವ್ರು ಹೇಳ್ಕೊಟ್ಟಿದ್ದು."

ಪುಟ್ಟಪ್ಪ ಕಾಫಿ ಕುಡಿದಿಟ್ಟು ಇನ್ನೊಂದು ಮಾತು ಸೇರಿಸಿದ.

"ಒಂದು ನೆನಪಿಟ್ಕೊಳ್ಳಿ ಭಟ್ರೆ. ಮನೇಲಿ ಒಬ್ರೇ ಕೂತು ನುಡಿಸಿ ನೋಡ್ಬೇಡಿ, ಹೆದರಿಬಿಡ್ತೀರಿ. ಸೀದಾ ಸ್ಟೇಜಲ್ಲೇ ಹಿಡೀರಿ."

ಈಗ ನೀವೇ ಹೇಳಿ, ಅನುಮಾನದ ಮನುಷ್ಯನಿಗೆ ಹೇಳುವ ಮಾತೇ ಇದು? ಅಷ್ಟು ವರ್ಷ ಒಂದು ಸಣ್ಣ ಕಾರ್ಡನ್ನೂ ಯಾರಿಗೂ ಬಿಟ್ಟುಕೊಡದವನಿಗೆ, ಇಷ್ಟು ದೊಡ್ಡದನ್ನು ಒಂದು ಕಾಫಿ ಕುಡಿಯುವಷ್ಟರಲ್ಲಿ ಕೊಟ್ಟುಬಿಟ್ಟರೆ ಹೇಗೆ ನಂಬಿಕೆ ಬರಬೇಕು? ಅದೂ ಮನೆಯಲ್ಲಿ ನುಡಿಸಿ ನೋಡಬೇಡಿ ಅಂತ ಬೇರೆ! ಗಜಾನನ ಮನೆಗೆ ಬಂದವನೇ ಕೈಕಾಲು ಕೂಡ ತೊಳೆಯದೆ ಗಿಟಾರ್ ಎತ್ತಿಕೊಂಡ.

ಅನ್ನಪೂರ್ಣೇಶ್ವರಿ ಮನೆಯಲ್ಲಿ ಹುಡುಗಿಯರಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದಳು. ಅವಳ ಕರೆಂಟಿನ ಶ್ರುತಿಪೆಟ್ಟಿಗೆಯನ್ನು ಒಂದನೇ ಮನೆಗೆ, ಅಂದರೆ ಗಿಟಾರಿನವರು ಸಿ ಎನ್ನುವ ಶ್ರುತಿಗೆ, ಇಟ್ಟುಕೊಂಡೇ ಗಜಾನನ ಯಾವತ್ತೂ ಅಭ್ಯಾಸ ಮಾಡುತ್ತಿದ್ದದ್ದು. ಷಡ್ಜ ಗುಂಯ್‌ಗುಡುತ್ತಿರಬೇಕು, ಅದರ ಮೇಲೆ ಎಲ್ಲ ಸ್ವರ ನಿಲ್ಲಬೇಕು. ಅವನು ಕಂಡ ಸಂಗೀತವೇ ಹಾಗೆ. ಪೆಟ್ಟಿಗೆ ಹಾಕಿ, ಪುಟ್ಟಪ್ಪ ಹೇಳಿದ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲೆ ಜಿಗಿಂತ ಒಂದು ಪಟ್ಟಿ ಮುಂದೆ, ಮೈನರ್ ಸಿಕ್ಸ್ ಮೀಟಿದ. ಹಲ್ಲು ಚುಳ್ಳೆಂದಿತು. ಕಾರ್ಡು ಒಂದು ಕಡೆ, ಶ್ರುತಿ ಇನ್ನೊಂದು ಕಡೆ, ಎರಡೂ ಜಗಳಕ್ಕೆ ನಿಂತವು. ಸ್ಕೇಲನ್ನಾದರೂ ನೋಡೋಣ ಎಂದು ಒಂದೊಂದೇ ಸ್ವರ ನುಡಿಸಿದ. ಏಳು ಸ್ವರ ಹತ್ತಿದ, ಏಳು ಸ್ವರ ಇಳಿದ. ಮತ್ತೆ ಹತ್ತಿದ. ಅದರಲ್ಲಿ ಸಿ ಇಲ್ಲವೇ ಇಲ್ಲ! ಪೆಟ್ಟಿಗೆ ಯಾವ ಸ್ವರವನ್ನು ಹಾಡುತ್ತಿದೆಯೋ ಆ ಸ್ವರವೇ ಸ್ಕೇಲಿನಲ್ಲಿ ಇಲ್ಲ.

"ಷಡ್ಜವೇ ಇಲ್ಲದ ಸಂಗೀತ!" ಎಂದು ಗಜಾನನ ಗಟ್ಟಿಯಾಗಿಯೇ ಹೇಳಿದ. "ಎಲ್ಲಾದ್ರೂ ಇದ್ಯಾ ಇದು?"

ಎಲ್ಲ ಸ್ಪಷ್ಟವಾಯಿತು. ಷಡ್ಜವಿಲ್ಲದ ಸ್ಕೇಲು ಕೈಗೆ ಕೊಟ್ಟು, ಪರೀಕ್ಷೆ ಮಾಡಲೂ ಬಿಡದೆ ಸ್ಟೇಜಿಗೆ ಹತ್ತಿಸಿ, ಸಾವಿರ ಜನರ ಮುಂದೆ ತನ್ನನ್ನು ಮಂಗ ಮಾಡುವ ಹುನ್ನಾರ. ಲೀಡ್ ಗಿಟಾರಿನ ಜಾಗದ ಮೇಲೆ ಕಣ್ಣು! ಮನಸ್ಸು ಒಮ್ಮೆ ಆ ದಾರಿ ಹಿಡಿಯಿತೋ ಇಲ್ಲವೋ, ಕಂಡದ್ದೆಲ್ಲ ಸಾಕ್ಷಿಯಾಯಿತು. ಆ ವಾರ ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಪ್ಪನೂ ಜ್ಯೋತ್ಸ್ನಾಳೂ ಒಂದು ನೋಟ್‌ಬುಕ್ ಹಿಡಿದುಕೊಂಡು ಏನೋ ಮಾತಾಡುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಹಾಡಿನ ಸಾಹಿತ್ಯ ಬರೆದುಕೊಳ್ಳುತ್ತಿದ್ದರು, ಬೇರೆ ಏನೂ ಅಲ್ಲ. ಗಜಾನನನಿಗೆ ಮಾತ್ರ ಅಲ್ಲೊಂದು ಹೊಸ ಆರ್ಕೆಸ್ಟ್ರಾ ಹುಟ್ಟುತ್ತಿರುವುದು ಕಂಡಿತು. ನೇರವಾಗಿ ಧರ್ಮೇಶನ ಮನೆಗೆ ಹೋದ.

"ನಾನು ಹೇಳ್ದೆ ಅಂತ ಹೇಳ್ಬೇಡ ಧರ್ಮೇಶ. ಗೌಡ್ರು ಜ್ಯೋತ್ಸ್ನಾನ ಕರ್ಕೊಂಡು ಬೇರೆ ಟ್ರೂಪ್ ಕಟ್ತಿದಾರೆ. ಹೋಗೋ ಮೊದ್ಲು ನಮ್ಮ ಪ್ರೋಗ್ರಾಮ್ ಹಾಳು ಮಾಡೋಕೆ ಅಪಸ್ವರ ಹೇಳ್ಕೊಡ್ತಿದಾರೆ. ನಾನು ಪರೀಕ್ಷೆ ಮಾಡಿ ನೋಡಿದೀನಿ."

ಧರ್ಮೇಶ ಯಾರಿಗೂ ತಂಡ ಬಿಡು ಎಂದು ಬಾಯಿ ಬಿಟ್ಟು ಹೇಳುವವನಲ್ಲ. ಅವನದು ಬೇರೆಯೇ ಕ್ರಮ. ಮುಂದಿನ ಪ್ರೋಗ್ರಾಮಿಗೆ ಹೇಳಿಕಳಿಸುವುದಿಲ್ಲ, ಅಷ್ಟೆ. ಅರ್ಥ ಮಾಡಿಕೊಳ್ಳುವವರು ಮಾಡಿಕೊಳ್ಳಬೇಕು. ಪುಟ್ಟಪ್ಪನಿಗೆ ಅರ್ಥವಾಗಲಿಲ್ಲ. ಹೇಳಿಕಳಿಸಲು ಮರೆತಿರಬೇಕು ಎಂದುಕೊಂಡು ಗಿಟಾರ್ ಹೆಗಲಿಗೆ ಹಾಕಿಕೊಂಡು ಕೊಪ್ಪದ ರಸ್ತೆ ಬದಿ ಬಂದು ನಿಂತಿದ್ದ. ತಂಡದ ಮೆಟಡೋರ್ ಕಂಡಾಗ ನಗುತ್ತ ಕೈ ಎತ್ತಿದ. ಗಾಡಿ ನಿಲ್ಲಲಿಲ್ಲ. ಕಿಟಕಿ ಪಕ್ಕ ಕೂತಿದ್ದ ಗಜಾನನ ಎಲ್ಲವನ್ನೂ ನೋಡಿದ. ಎತ್ತಿದ ಕೈ ಹಾಗೇ ಇತ್ತು. ಎಂಥಾ ನಾಟಕ ಆಡ್ತಾನೆ ನೋಡು, ಎಂದುಕೊಂಡ.

ಐದು ವರ್ಷ ಕಳೆಯಿತು. ಪುಟ್ಟಪ್ಪ ಯಾವ ಟ್ರೂಪನ್ನೂ ಕಟ್ಟಲಿಲ್ಲ. ಜ್ಯೋತ್ಸ್ನಾ ಧರ್ಮೇಶನ ಬಳಿಯೇ ಹಾಡಿಕೊಂಡಿದ್ದಳು. ಇದೂ ಗಜಾನನನಿಗೆ ಅನುಮಾನವೇ. ಇನ್ನೂ ಕಾಯ್ತಿದಾನೆ ಅಂದ್ರೆ ದೊಡ್ಡದೇ ಏನೋ ಇರ್ಬೇಕು! ಆದರೆ ಒಳಗೊಳಗೆ ಇನ್ನೊಂದು ಸಂಕಟವಿತ್ತು. ಆ ಹಾಡು ಬಂದಾಗಲೆಲ್ಲ ಆ ಜಾಗ ಬೋಳು ಬೋಳು. ಗಜಾನನ ಜಿ ಸೆವೆನ್ ಹಿಡಿಯುತ್ತಿದ್ದ, ಪಲ್ಲವಿ ಬರುತ್ತಿತ್ತು, ಯಾರೂ ತಲೆ ಎತ್ತುತ್ತಿರಲಿಲ್ಲ. ಅವನಿಗೇ ಅಳು ಬರುವಷ್ಟು ಬೇಜಾರಾಗುತ್ತಿತ್ತು. ಕದ್ದುಮುಚ್ಚಿ ಎಷ್ಟೋ ಹುಡುಕಿದ. ಬಾಳಗಡಿಯ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಜಾಜ್ ಗಿಟಾರಿನ ಪಾಠ ಪ್ರಿಂಟ್ ತೆಗೆಸಿ, ಡಿಕ್ಷನರಿ ಇಟ್ಟುಕೊಂಡು ಓದಿದ. ಅದರಲ್ಲೂ ಅದೇ ಬರೆದಿತ್ತು. ಜಿ ಸೆವೆನ್ ಇದ್ದಲ್ಲಿ ಒಂದು ಫ್ರೆಟ್ ಮೇಲಿನ ಮೆಲಾಡಿಕ್ ಮೈನರ್ ನುಡಿಸಿ, ಮೈನರ್ ಸಿಕ್ಸ್ ಹಿಡಿಯಿರಿ. ಇನ್ನೊಬ್ಬನಾದರೆ ಅಲ್ಲೇ ಕಣ್ಣು ತೆರೆಯುತ್ತಿದ್ದ. ನಮ್ಮ ಭಟ್ಟ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಮಡಿಸಿಟ್ಟ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದಲ್ಲ? ಆ ಬಸರೀಕಟ್ಟೆಯ ರೈಟರೇ ಬರೆದಿರಬಾರದೇಕೆ?

ಸತ್ಯ ಹೊರಬಂದದ್ದು ಎರಡು ಸಾವಿರದ ಆರರಲ್ಲಿ, ಒಂದು ಶನಿವಾರ ಬೆಳಿಗ್ಗೆ. ಅನ್ನಪೂರ್ಣೇಶ್ವರಿ ಜಗಲಿಯಲ್ಲಿ ತುಂಗಾ ಎಂಬ ಹುಡುಗಿಗೆ ಪಾಠ ಮಾಡುತ್ತಿದ್ದಳು. ಶ್ರುತಿಪೆಟ್ಟಿಗೆಯ ಪಂಚಮ ಕೆಟ್ಟು ಒಂದು ತಿಂಗಳಾಗಿತ್ತು. ರಿಪೇರಿಯವನು ಒಳಗಿನ ಸಾಮಾನು ಬದಲಾಯಿಸಿಬಿಡುತ್ತಾನೆ ಎಂದು ಗಜಾನನ ಕೊಟ್ಟಿರಲಿಲ್ಲ. ಷಡ್ಜ ಒಂದೇ ಹಾಡುತ್ತಿತ್ತು. ಒಳಗಿನ ಕೋಣೆಯಲ್ಲಿ ಗಜಾನನ ಗಿಟಾರ್ ಒರೆಸುತ್ತ ಕೂತಿದ್ದವನು, ಹಳೇ ಗಾಯ ಕೆರೆದುಕೊಂಡ ಹಾಗೆ, ಸುಮ್ಮನೆ ಆ ಕಾರ್ಡನ್ನು ಹಿಡಿದು ಮೀಟಿದ.

ಅದು ಅದೇ ಆಗಿತ್ತು. ಎನ್.ಆರ್. ಪುರದ್ದು. ಹೊಸ್ತಿಲ ಮೇಲೆ ನಿಂತ ಅದೇ ನಾದ.

ಗಜಾನನ ಜಗಲಿಗೆ ಓಡಿ ಬಂದ. "ಆ ಪೆಟ್ಟಿಗೆ ಯಾವ ಮನೆಗೆ ಇಟ್ಟಿದೀಯ?"

"ಐದಕ್ಕೆ. ಈ ಕೂಸಿನ ಶ್ರುತಿ ಐದಲ್ವಾ" ಎಂದಳು ಅನ್ನಪೂರ್ಣೇಶ್ವರಿ.

"ಯಾರು ಹೇಳಿದ್ದು ಐದಕ್ಕೆ ಇಡೋಕೆ?"

"ಅಯ್ಯೋ ರಾಮ! ಯಾರು ಹೇಳ್ಬೇಕು? ಎಂತ ಆಯ್ತು ನಿಮಗೆ?"

ಐದನೇ ಮನೆ ಅಂದರೆ ಜಿ. ಗಜಾನನ ಅಲ್ಲೇ ನೆಲದ ಮೇಲೆ ಕೂತು ಮತ್ತೆ ಕಾರ್ಡ್ ಮೀಟಿದ, ಸ್ಕೇಲ್ ನುಡಿಸಿದ. ಅನ್ನಪೂರ್ಣೇಶ್ವರಿ ತಲೆ ವಾಲಿಸಿ ಕೇಳಿದಳು. "ಗೌರಿಮನೋಹರಿ ಅಲ್ವಾ ಇದು? ಅದರ ನಿಷಾದನ ಷಡ್ಜ ಅಂತ ಹಿಡ್ಕೊಂಡಿದೀರಿ. ಹಂಗೆ ಹಿಡಿದ್ರೆ ಪಂಚಮ ಸಿಗಲ್ಲ, ಅದಕ್ಕೆ ನಮ್ಮಲ್ಲಿ ರಾಗ ಅಂತ ಹಾಡಲ್ಲ. ಪಂಚಮ ಕೆಟ್ಟಿದ್ದು ಒಳ್ಳೇದೇ ಆಯ್ತು ನೋಡಿ, ಇಲ್ದಿದ್ರೆ ಕಿರುಗುಡ್ತಿತ್ತು. ಆದ್ರೆ ಕೆಳಗೆ ಒಬ್ರು ಜಿ ಹಿಡ್ಕೊಂಡು ಕೂತ್ರೆ ಸ್ವರದಲ್ಲಿ ಎಂತ ತಪ್ಪಿಲ್ಲ. ಚೆನ್ನಾಗಿದೆ! ಯಾರು ಹೇಳ್ಕೊಟ್ರು?"

ಕೆಳಗೆ ಒಬ್ಬರು ಜಿ ಹಿಡಿದು ಕೂರಬೇಕು. ಸ್ಟೇಜಿನ ಮೇಲೆ ಧರ್ಮೇಶ ಬೇಸ್ ಗಿಟಾರಿನ ದಪ್ಪ ತಂತಿಯಲ್ಲಿ ಅದನ್ನು ಹಿಡಿದೇ ಇರುತ್ತಿದ್ದ. ಒಬ್ಬನೇ ನುಡಿಸಬೇಡಿ ಎಂದು ಪುಟ್ಟಪ್ಪ ಹೇಳಿದ್ದು ಇದಕ್ಕೇ. ತಾನು ಮನೆಯಲ್ಲಿ ಒಬ್ಬನೇ ಕೂತು, ಸಿಯ ಶ್ರುತಿ ಹಾಕಿಕೊಂಡು, ಆ ಮನುಷ್ಯನನ್ನು ಸುಳ್ಳುಗಾರ ಮಾಡಿದ್ದ. ಯಾರು ಹೇಳಿಕೊಟ್ಟರು ಎಂಬ ಹೆಂಡತಿಯ ಪ್ರಶ್ನೆಗೆ ಪುಟ್ಟಪ್ಪನ ಹೆಸರು ಹೇಳಿದ. ಎಲ್ಲವನ್ನೂ ಹೇಳಿದ, ಧರ್ಮೇಶನ ಮನೆಗೆ ಹೋದದ್ದನ್ನೂ. ತುಂಗಾ ಪುಸ್ತಕ ಮುಚ್ಚಿಕೊಂಡು ಮೆಲ್ಲನೆ ಎದ್ದು ಹೋದಳು. ಅನ್ನಪೂರ್ಣೇಶ್ವರಿ ಆ ದಿನ ನಗಾಡಲಿಲ್ಲ.

"ನಾಳೆನೇ ಹೋಗಿ ಬನ್ನಿ" ಎಂದಳು. "ಗಿಟಾರ್ ತಗೊಂಡು ಹೋಗಿ. ಬಾಯಲ್ಲಿ ಹೇಳೋಕೆ ನಿಮ್ಮ ಕೈಲಾಗಲ್ಲ."

ಭಾನುವಾರ ಹನ್ನೊಂದರ ಬಸ್ಸಿಗೆ ಗಜಾನನ ಭಂಡಿಗಡಿಯಲ್ಲಿ ಇಳಿದ. ದಾರಿಯುದ್ದಕ್ಕೂ ಮನಸ್ಸು ಸುಮ್ಮನಿರಲಿಲ್ಲ. ಮನೆಯಲ್ಲಿದ್ದೂ ಇಲ್ಲ ಅನ್ನಿಸಿದರೆ? ನಾಯಿ ಬಿಟ್ಟರೆ? ನಾಲ್ಕು ಜನರನ್ನು ಸೇರಿಸಿ ಮಾನ ಕಳೆದರೆ? ಹಾಗೇನೂ ಆಗಲಿಲ್ಲ. ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ ಪುಟ್ಟಪ್ಪ ತಲೆ ಎತ್ತಿ ನೋಡಿ, "ಹೋಯ್, ಭಟ್ರು!" ಎಂದು ಕೂಗಿ ಓಡಿ ಬಂದು, ಬೇಲಿಗೆ ಅಡ್ಡ ಹಾಕಿದ್ದ ಉಣುಗೋಲುಗಳನ್ನು ಸರಿಸಿದ. ಕೂದಲು ಪೂರಾ ಬೆಳ್ಳಗಾಗಿತ್ತು. "ರಾಧಾ, ಯಾರು ಬಂದ್ರು ನೋಡು! ಕಾಫಿ ಇಡು!" ಎಂದು ಹೆಂಡತಿಗೆ ಹೇಳಿದ. ರಾಧಮ್ಮ ಬಾಗಿಲಿಗೆ ಬಂದು, "ದಿನಾ ನಿಮ್ಮ ಸುದ್ದಿನೇ ಹೇಳ್ತಿರ್ತಾರೆ" ಎಂದು ನಕ್ಕು ಒಳಗೆ ಹೋದಳು.

ಗಜಾನನ ಗಿಟಾರ್ ತೆಗೆದ. ಪುಟ್ಟಪ್ಪನೂ ತನ್ನ ಗಿಟಾರ್ ತಂದ. "ಗೌಡ್ರೆ, ಕೆಳಗಿನ ಜಿ ಹಿಡೀರಿ" ಎಂದು ಹೇಳಿ ಗಜಾನನ ಆ ಕಾರ್ಡ್ ಹಿಡಿದ. ಕಾರ್ಡಿನ ಹಿಂದೆಯೇ ಮೆಲಾಡಿಕ್ ಮೈನರಿನಲ್ಲಿ ನಾಲ್ಕು ಸಾಲು ಹತ್ತಿ ಇಳಿದು ಸಿ ಮೈನರಿಗೆ ಬಂದು ಕೂತ. ಪುಟ್ಟಪ್ಪನ ಮುಖ ಅರಳಿತು. "ಬಂತಲ ಮಾರಾಯ್ರೆ! ಬಂತಲ!" ಎಂದು ತೊಡೆ ತಟ್ಟಿದ. ಅರ್ಧ ಗಂಟೆ ಇಬ್ಬರೂ ಅದನ್ನೇ ತಿರುಗಿಸಿ ತಿರುಗಿಸಿ ನುಡಿಸಿದರು. ಐದು ವರ್ಷದಲ್ಲಿ ಗಜಾನನ ಅಷ್ಟು ಸುಖ ಪಟ್ಟಿರಲಿಲ್ಲ. ಹೇಳಬೇಕಾದ ಮಾತನ್ನು ಇನ್ನೊಂದು ಸಲ ಬಂದಾಗ ಹೇಳಿದರಾಯಿತು ಎನ್ನಿಸತೊಡಗಿತು.

ಕಾಫಿ ಬಂತು. ಪುಟ್ಟಪ್ಪ ತನ್ನ ಎಡಗೈಯನ್ನು ಮಡಿಸಿ ಬಿಚ್ಚಿ ನೋಡಿಕೊಂಡು ಹೇಳಿದ. "ಧರ್ಮೇಶ ನನ್ನ ಯಾಕೆ ಬಿಟ್ಟ ಅಂತ ಇವತ್ತಿಗೂ ಗೊತ್ತಿಲ್ಲ ಭಟ್ರೆ. ಕೈ ಸರಿ ಬರ್ತಿಲ್ಲ ಅಂತ ಇರ್ಬೇಕು. ಯಾವತ್ತಾದ್ರೂ ಕರೆದ್ರೆ ಬೇಕಲ್ಲ ಅಂತ ಇವತ್ತಿಗೂ ದಿನಾ ಒಂದು ಗಂಟೆ ಸಾಧನೆ ಮಾಡ್ತೀನಿ. ಒಂದು ಕೆಲ್ಸ ಮಾಡಣ. ನಾಳೆ ಇಬ್ರೂ ಧರ್ಮೇಶನ ಹತ್ರ ಹೋಗಣ. ನಿಮ್ಮ ಮಾತು ಅವ್ನು ತೆಗೆದು ಹಾಕಲ್ಲ. ನನ್ನ ತಪ್ಪು ಎಂತ ಅಂತ ಒಂದು ಮಾತು ಕೇಳಿ."

ಗಜಾನನನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಧರ್ಮೇಶನ ಹೆಸರು ಯಾಕೆ ಬಂತು? ನಾಳೆಯೇ ಯಾಕೆ? ನನ್ನ ಮಾತು ಅವನು ತೆಗೆದು ಹಾಕಲ್ಲ ಅಂದರೆ ಏನರ್ಥ? ಗೊತ್ತಿದೆ ಇವನಿಗೆ! ಎಲ್ಲ ಗೊತ್ತಿದ್ದೇ ಕಾಫಿ ಕೊಟ್ಟು, ನನ್ನ ಬಾಯಿಂದಲೇ ಹೊರಡಿಸೋಕೆ ನೋಡ್ತಿದಾನೆ. ನೋಡಿ, ಆ ಗಳಿಗೆಯಲ್ಲೂ ಅವನ ಮನಸ್ಸು ಓಡಿದ್ದು ಹಾಗೆ. ಪಶ್ಚಾತ್ತಾಪದಿಂದ ಹೇಳಲು ಬಂದಿದ್ದ ಮಾತನ್ನು ಸಿಕ್ಕಿಬಿದ್ದ ಸಿಟ್ಟಿನಲ್ಲಿ ಹೇಳಿದ.

"ಎಂತಕ್ಕೆ ಸುತ್ತಿ ಬಳಸಿ ಮಾತು ಗೌಡ್ರೆ? ನಿಮಗೆ ಗೊತ್ತೇ ಇದೆ. ನಾನೇ ಹೇಳಿದ್ದು ಧರ್ಮೇಶಂಗೆ. ಜ್ಯೋತ್ಸ್ನಾನ ಕರ್ಕೊಂಡು ಟ್ರೂಪ್ ಕಟ್ತೀರಿ, ನಂಗೆ ಅಪಸ್ವರ ಹೇಳ್ಕೊಟ್ರಿ ಅಂತ. ನಾನೇ!"

ಪುಟ್ಟಪ್ಪನಿಗೆ ಗೊತ್ತಿರಲಿಲ್ಲ. ಅದು ಅವನ ಮುಖ ನೋಡಿದ ತಕ್ಷಣ ತಿಳಿಯಿತು. ಗಜಾನನ ಲೋಟ ಕೆಳಗಿಟ್ಟು, "ತಪ್ಪಾಯ್ತು. ಅದನ್ನ ಹೇಳೋಕೇ ಬಂದೆ. ಕ್ಷಮಿಸಿಬಿಡಿ" ಎಂದು ಕೈ ಮುಗಿದ. ಪುಟ್ಟಪ್ಪ ತನ್ನ ಗಿಟಾರನ್ನು ಗೋಡೆಗೆ ಒರಗಿಸಿಟ್ಟ. ಆಮೇಲೆ ನಿಧಾನವಾಗಿ ಕೇಳಿದ.

"ಶೃಂಗೇರಿ ಪ್ರೋಗ್ರಾಮಲ್ಲಿ ನನ್ನ ತಂತಿ ಕಡಿದು ಹೋಗಿತ್ತಲ. ಹೊಸ ತಂತಿ. ಅದೂ ನೀವೇಯಾ?"

"ಅಯ್ಯೋ, ಇಲ್ಲ ಗೌಡ್ರೆ!"

"ಕೊಪ್ಪದ ಪೆಂಡಾಲಲ್ಲಿ ನನ್ನ ಸ್ಪೀಕರ್ ವೈರ್ ಕಿತ್ತು ಹೋಗಿದ್ದು?"

"ದೇವರಾಣೆ ನಾನಲ್ಲ."

"ನೀವು ಸುತ್ತಿ ಕೊಟ್ಟ ಪಂಪಿನ ಮೋಟರ್ ಎರಡೇ ತಿಂಗಳಿಗೆ ಸುಟ್ಟು ಹೋಯ್ತು. ವೋಲ್ಟೇಜ್ ಅಂದ್ಕೊಂಡೆ ನಾನು."

"ಗೌಡ್ರೆ, ಕೆಲ್ಸದಲ್ಲಿ ನಾನು ಯಾವತ್ತೂ ಮೋಸ ಮಾಡಿದವನಲ್ಲ" ಎಂದ ಗಜಾನನ. ಅದು ಸತ್ಯವಾಗಿತ್ತು. ಅವನ ಬಾಯಿಂದ ಆ ದಿನ ಬಂದ ಮಾತೆಲ್ಲ ಸತ್ಯವೇ. ಪುಟ್ಟಪ್ಪ ಒಂದನ್ನೂ ನಂಬಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಒಂದೊಂದೇ ಹಳೆಯ ದಿನವನ್ನು ಎತ್ತಿ ತಿರುಗಿಸಿ ನೋಡತೊಡಗಿದ್ದ. ಐವತ್ತೆರಡು ವರ್ಷ ಯಾರ ಮೇಲೂ ಅನುಮಾನ ಪಡದೆ ಬದುಕಿದ ಮನುಷ್ಯ. ಯಾವ್ಯಾವುದು ನಿಜ, ಯಾವ್ಯಾವುದು ಅಲ್ಲ ಎಂದು ಈಗ ಮೊದಲಿನಿಂದ ಹುಡುಕಬೇಕಾಗಿತ್ತು.

"ಇವತ್ತು ಯಾಕೆ ಬಂದ್ರಿ?" ಎಂದು ಕೇಳಿದ.

"ಹೇಳ್ದೆನಲ್ಲ ಗೌಡ್ರೆ. ಆ ಕಾರ್ಡ್ ಸಿಕ್ತು. ನೀವು ಹೇಳಿದ್ದು ನಿಜ ಅಂತ ಗೊತ್ತಾಯ್ತು. ಅಷ್ಟೇ."

"ಅಷ್ಟೇಯಾ?"

"ಅಷ್ಟೇ."

ಪುಟ್ಟಪ್ಪ ಎದ್ದ. ಗಜಾನನನೂ ಎದ್ದು ಗಿಟಾರನ್ನು ಚೀಲಕ್ಕೆ ಹಾಕಿಕೊಂಡ. ಇಬ್ಬರೂ ರಸ್ತೆಯವರೆಗೆ ನಡೆದರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. "ನೀವು ಹೋಗಿ ಗೌಡ್ರೆ, ಬಿಸಿಲು" ಎಂದ ಗಜಾನನ. ಪುಟ್ಟಪ್ಪ ಹೋಗಲಿಲ್ಲ. ನಾಲ್ಕು ಮಾರು ದೂರದಲ್ಲಿ ಕೈ ಕಟ್ಟಿಕೊಂಡು ನಿಂತ. ಇಷ್ಟಾದರೂ ಕಳಿಸಿಕೊಡಲು ನಿಂತಿದ್ದಾನಲ್ಲ ಎಂದು ಗಜಾನನನ ಕಣ್ಣು ತುಂಬಿತು. ಬಸ್ಸು ಬಂತು. ಹತ್ತಿ, ಕಿಟಕಿ ಪಕ್ಕ ಕೂತು, ಕೈ ಎತ್ತಲೋ ಬೇಡವೋ ಎಂದುಕೊಳ್ಳುತ್ತಿರುವಾಗ ಪುಟ್ಟಪ್ಪ ಕಂಡಕ್ಟರನ ಹತ್ತಿರ ಬಂದು, ಗಜಾನನನಿಗೂ ಕೇಳಿಸುವ ಹಾಗೆ ಹೇಳಿದ.

"ಇವ್ರು ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬಂದ್ರೆ ನಂಗೊಂದು ಮಾತು ತಿಳಿಸು ಮಾರಾಯ."